ಗರಗಸವು ರಂಪವಾಗದಿರಲಿ

ಗರಗಸಕ್ಕೆ ತೆಲುಗಿನಲ್ಲಿ ‘ರಂಪಂ’ ಎಂದು ಹೆಸರು. ಕನ್ನಡದಲ್ಲಿ ರಂಪವೆಂದರೆ ಗಲಾಟೆ, ಜಗಳ. ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮಂಥ ಎರಡು ನುಡಿಯ ಮಂದಿಗೆ ಈ ಎರಡು ಅರ್ಥಗಳೂ ಬಾಲ್ಯದಿಂದಲೇ ಪರಿಚಿತ. ಈಚೆಗೆ ನಮ್ಮ ಹಳ್ಳಿಗಳಿಗೂ ಕಾಲಿಟ್ಟಿರುವ ಬ್ಯಾಟರಿ ಗರಗಸವನ್ನು ಕಂಡ ಮೇಲೆ, ಆ ಎರಡರ ನಡುವಿನ ಅಂತರ ಎಷ್ಟು ಕಡಿಮೆಯೆಂಬುದು ನನಗೆ ಮನವರಿಕೆಯಾಯಿತು.

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ಬೆಂಚುಗಳ ದುರಸ್ತಿ ನಡೆಯಿತು. ಊರಿನ ವೃದ್ಧ ಬಡಗಿಯೊಡನೆ, ಬೆಂಗಳೂರಿನಲ್ಲಿ ಕೆಲಸ ಕಲಿತು ಬಂದಿದ್ದ ಅವರ ಸೋದರಳಿಯನೂ ಇದ್ದ. ಮಾವನು ಕೈಗರಗಸದಿಂದ ಬೆವರು ಸುರಿಸಿ ಕೊಯ್ಯುವ ಬೇವಿನ ಹಲಗೆಯನ್ನು ಅಳಿಯನು ಕ್ಷಣಮಾತ್ರದಲ್ಲಿ ತುಂಡರಿಸುತ್ತಿದ್ದ. ದುಂಡು ಗರಗಸವೇನೂ ಹೊಸದಲ್ಲ. 1777ರಲ್ಲಿಯೇ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬಾತ ಅಂಥ ಅಲಗುಳ್ಳ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಅದನ್ನು ತಂತಿಯ ಬಂಧನದಿಂದ ಬಿಡಿಸಿದ್ದು ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಗಾಗಿ ದುಡಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕರೆಂಟು ಹೋದರೂ ಕೆಲಸ ನಿಲ್ಲದೆಂಬುದು ನಮ್ಮ ಹಳ್ಳಿಗಳಿಗೆ ಸಣ್ಣ ಅನುಕೂಲವಲ್ಲ.

ಆದರೆ ಹತ್ತಿರ ಹೋಗಿ ನೋಡಿದಾಗ ನನ್ನ ಎದೆ ಝಲ್ಲೆಂದಿತು. ಅಲಗಿನ ಕೆಳಭಾಗವನ್ನು ಮುಚ್ಚುವ ಕವಚವನ್ನು ಆ ಹುಡುಗ ಒಂದು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದ. ಕೇಳಿದರೆ, “ಅದು ಅಡ್ಡ ಬರುತ್ತದೆ, ಮೇಷ್ಟ್ರೇ” ಎಂದ. ನಾನು ಏನನ್ನೂ ಹೇಳುವ ಮೊದಲೇ ಅವನ ಸೋದರಮಾವ ತಮ್ಮ ಎಡಗೈಯನ್ನು ಮುಂದೆ ಚಾಚಿದರು. ಯೌವನದಲ್ಲಿ ಯಾವುದೋ ಮರದ ಮಿಲ್ಲಿನಲ್ಲಿ ಎರಡು ಬೆರಳುಗಳನ್ನು ಕಳೆದುಕೊಂಡ ಕೈ ಅದು. “ಅಡ್ಡ ಬರಲೆಂದೇ ಅದನ್ನು ಇಟ್ಟಿರುವುದು ಕಣೋ” ಎಂದಷ್ಟೇ ಅವರು ನುಡಿದರು. ಹುಡುಗ ತಲೆ ತಗ್ಗಿಸಿ ತಂತಿ ಬಿಚ್ಚಿದ.

ಪೆಟ್ಟಿಗೆಯಲ್ಲಿದ್ದ ಕೈಪಿಡಿಯನ್ನು ನಾನು ಕೇಳಿ ಪಡೆದೆ. ಅದು ಇಂಗ್ಲಿಷಿನಲ್ಲಿತ್ತು; ಹುಡುಗ ಅದನ್ನು ತೆರೆದೇ ಇರಲಿಲ್ಲ. ಅಂದು ಮಧ್ಯಾಹ್ನ ಹುಣಸೆಮರದ ನೆರಳಿನಲ್ಲಿ ಕುಳಿತು, ಅದರ ಸಾರವನ್ನು ಕನ್ನಡದಲ್ಲಿ ಹೇಳಿದೆ. ಓದುಗ ಬಾಂಧವರಿಗೂ ಅದು ಉಪಯೋಗಕ್ಕೆ ಬಂದೀತು.

ತಂತಿಯಿರುವ ಯಂತ್ರವನ್ನು ಗೋಡೆಯಿಂದ ಕಿತ್ತರೆ ಅದು ನಿರ್ಜೀವ. ಬ್ಯಾಟರಿಯ ಯಂತ್ರವಾದರೋ ಮೂಲೆಯಲ್ಲಿ ಬಿದ್ದಿದ್ದರೂ ಜೀವಂತ. ಆದುದರಿಂದ ಅಲಗು ಬದಲಿಸುವಾಗ, ಶುಚಿಮಾಡುವಾಗ, ಮಕ್ಕಳಿರುವ ಮನೆಯಲ್ಲಿ ಇರಿಸುವಾಗ ಬ್ಯಾಟರಿಯನ್ನು ಕಳಚಿಡುವುದೇ ಮೊದಲ ನಿಯಮ. ನಮ್ಮ ಬಿಸಿಲಿನಲ್ಲಿ ಬ್ಯಾಟರಿಯನ್ನು ಹೊರಗೆ ಬಿಡಬಾರದು. ಕಾದಿದ್ದರೆ ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು.

ಎರಡನೆಯದು, ಗರಗಸವು ಹಿಂದಕ್ಕೆ ಚಿಮ್ಮುವ ಅಪಾಯ. ಕೊಯ್ದ ಸೀಳು ಮುಚ್ಚಿಕೊಂಡು ಅಲಗನ್ನು ಬಿಗಿಹಿಡಿದರೆ, ಇಡೀ ಯಂತ್ರವೇ ಕೊಯ್ಯುವವನ ಕಡೆಗೆ ನೆಗೆಯುತ್ತದೆ. ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕೊಯ್ದರೆ ಹಲಗೆ ಬಾಗಿ ಸೀಳು ಮುಚ್ಚುತ್ತದೆ. ದೊಡ್ಡ ಹಲಗೆಗೆ ಸೀಳಿನ ಇಕ್ಕೆಲದಲ್ಲೂ ಸಮೀಪದಲ್ಲೇ ಆಸರೆ ಇರಬೇಕು. ಸಣ್ಣ ತುಂಡಾದರೆ ಅದು ತಾನಾಗಿ ಕಳಚಿ ಬೀಳುವಂತಿರಬೇಕು. ಅಲಗಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಎರಡು ಕೈಗಳಿಂದಲೂ ಹಿಡಿಯಬೇಕು. ಮರವನ್ನು ಮಂಡಿಯ ಮೇಲಿಟ್ಟು ಕೊಯ್ಯಲೇಬಾರದು.

ಅಲಗಿನ ಆಳವನ್ನು ಹಲಗೆಯ ದಪ್ಪಕ್ಕೆ ಹೊಂದಿಸಬೇಕು. ಕೆಳಗೆ ಒಂದು ಹಲ್ಲಿನಷ್ಟಕ್ಕಿಂತ ಹೆಚ್ಚು ಹೊರಚಾಚಬಾರದು. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮುಖದಲ್ಲಿ. ಆದ್ದರಿಂದ ಅಂದವಾದ ಮುಖವನ್ನು ಕೆಳಗೆ ಮಾಡಿಡಬೇಕು. ಹಳೆಯ ಮರದಲ್ಲಿ ಮೊಳೆಗಳಿದ್ದರೆ ಮೊದಲೇ ಕೀಳಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಹೊಟ್ಟು ಮೂಗಿಗೆ ಹೋಗದಂತೆ ಮುಸುಕು ಅವಶ್ಯ. ಇಳಿಬಿದ್ದ ಪಂಚೆ, ಹೆಗಲ ಮೇಲಿನ ಟವೆಲು, ಮುಂಗೈಯ ದಾರ ಇವಾವುವೂ ಅಲಗಿನ ಬಳಿ ಸುಳಿಯಬಾರದು. ಗುಂಡಿ ಬಿಟ್ಟ ಮೇಲೂ ಅಲಗು ಪೂರ್ಣವಾಗಿ ನಿಲ್ಲುವವರೆಗೆ ಯಂತ್ರವನ್ನು ಸೀಳಿನಿಂದ ಎತ್ತಲಾಗದು.

ಹುಡುಗ ಗಮನವಿಟ್ಟು ಕೇಳಿದ. “ಇದನ್ನೆಲ್ಲ ಅಲ್ಲಿ ಯಾರೂ ಹೇಳಲಿಲ್ಲ, ಮೇಷ್ಟ್ರೇ” ಎಂದ. ಆ ಮಾತು ಇನ್ನೂ ನನ್ನನ್ನು ಕಾಡುತ್ತಿದೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಇತ್ತಲೇ ಉಳಿಯಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ನಮ್ಮಿಬ್ಬರ ಜಿಲ್ಲೆಯೂ ಬೇರೆಯಾಯಿತು. ಗಡಿಗಳು ಎಲ್ಲಿಯೇ ಇರಲಿ, ಡಿ. ಹಿರೇಹಾಳಿನಲ್ಲಾಗಲಿ ಅಗಳಿ, ರೊಳ್ಳ, ಅಮರಾಪುರಗಳಲ್ಲಾಗಲಿ ಮನೆಯೊಳಗೆ ಕನ್ನಡವಾಡುವ ಹುಡುಗರು ದುಡಿಮೆಗಾಗಿ ಹೊರಗೆ ಹೋಗಿ ಇಂಥ ಯಂತ್ರಗಳನ್ನು ಹಿಡಿಯುತ್ತಿದ್ದಾರೆ. ಕನ್ನಡದ ಉಳಿವೆಂದರೆ ಪದ್ಯ, ಭಾಷಣಗಳಷ್ಟೇ ಎಂದು ನಾವು ಭಾವಿಸಬಾರದು. ಬೆರಳುಗಳನ್ನು ಉಳಿಸುವ ಮಾತೂ ತಿಳಿಯುವ ನುಡಿಯಲ್ಲಿಯೇ ದೊರೆಯಬೇಕು.

ನಿಮ್ಮ ಮನೆಯ ಮಗನೋ ಅಳಿಯನೋ ಇಂಥ ಯಂತ್ರವನ್ನು ಕೊಂಡು ತಂದರೆ, ಮೊದಲ ಹಲಗೆ ಕೊಯ್ಯುವ ಮುನ್ನ ಕೈಪಿಡಿಯನ್ನು ತೆರೆಸಿರಿ. ಇಂಗ್ಲಿಷ್ ಬಲ್ಲವರಿಂದ ಓದಿಸಿ, ಮನೆಮಾತಿನಲ್ಲಿ ಹೇಳಿಸಿರಿ. ಯಾರೂ ಸಿಗದಿದ್ದರೆ ಊರಿನ ಶಾಲೆಗೆ ಬನ್ನಿರಿ. ಓದಿ ಹೇಳುವುದು ಮೇಷ್ಟರ ಕೆಲಸವೇ ಅಲ್ಲವೇ? ಇಷ್ಟನ್ನು ಅರಿಕೆ ಮಾಡಿಕೊಂಡು ಲೇಖನಿಯನ್ನು ಕೆಳಗಿಡುತ್ತೇನೆ.