ಬೆಟ್ಟದ ಹೂವು, ಕೆರೆಯ ಜೊಂಡು

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚಿದವರು ಮೈಸೂರಿನಲ್ಲಿ ಬೇಕಾದಷ್ಟು ಮಂದಿ. ಪಕ್ಕದ ಗಿಡಗಳ ಗುರುತು ಹಿಡಿದವರು ಕಡಿಮೆ. ಗೌರಿ ಹಬ್ಬದ ಆಸುಪಾಸಿನ ಭಾನುವಾರ ಬೆಳಿಗ್ಗೆ, ಗಿಡ ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು ಮಕ್ಕಳೂ ತಂದೆತಾಯಿಯರೂ ಹೊರಟರೆ, ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಈ ಮೆಟ್ಟಿಲುಗಳನ್ನೇರಿ ನಂದಿಯನ್ನು ತಲುಪಲು ಎರಡು ಗಂಟೆಯಾದರೂ ಬೇಕು. ನೋಡಬೇಕಾದುದೆಲ್ಲ ಮೊಣಕಾಲಿನ ಕೆಳಗಿದೆ.

ಶಿವಪೂಜೆಯ ತುಂಬೆ ಅಜ್ಜಿಗೆ ಗೊತ್ತು. ಅದರ ಕಾಂಡವನ್ನು ಬೆರಳಲ್ಲಿ ಸವರಿ, ಚೌಕವಾಗಿದೆಯೆಂದು ಕಂಡುಕೊಂಡ ಮೊಮ್ಮಗನಿಗೆ ತುಳಸಿಯೂ ಅದೇ ಕುಟುಂಬದ್ದೆಂದು ತಿಳಿಯುತ್ತದೆ. ಹುಲ್ಲಿನಲ್ಲಿ ಬಟಾಣಿಗಾತ್ರದ ನೀಲಿ ವಿಷ್ಣುಕ್ರಾಂತಿ. ಹಿಂದೆ ಚರ್ಮ ಹದಮಾಡಲು ತೊಗಟೆ ಒದಗಿಸುತ್ತಿದ್ದ, ಹಳದಿ ಹೂವಿನ ತಂಗಡಿ.

ಎಲ್ಲರೂ ನಿಲ್ಲುವುದು ಗೌರಿ ಹೂವಿನ ಎದುರು. ಎಲೆಯ ತುದಿಯೇ ಸುರುಳಿಯಾಗಿ ಪೊದೆಯನ್ನು ಹಿಡಿದು ಬಳ್ಳಿ ಮೇಲೇರುತ್ತದೆ. ದಳಗಳು ಮೊದಲು ಹಸಿರು ಹಳದಿ, ಆಮೇಲೆ ಕೆಂಡದ ಬಣ್ಣ. ತಂದೆತಾಯಿಯರು ಓದಿದ ಪುಸ್ತಕದಲ್ಲಿ ಇದು ಲಿಲಿಯೇಸೀ, ಈಗ ಕಾಲ್ಚಿಕೇಸೀ. ಹೊಸ ಹೆಸರೇ ವಾಸಿ, ಎಚ್ಚರಿಕೆ ಅದರಲ್ಲೇ ಇದೆ. ಗಡ್ಡೆ, ಬೀಜಗಳಲ್ಲಿರುವ ಕಾಲ್ಚಿಸಿನ್, ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅಳೆದು ಕೊಡುವ ಔಷಧ. ಜೀವಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎಳೆಯುವ ಎಳೆಗಳನ್ನು ಅದು ಕಟ್ಟಗೊಡದು. ಅಳತೆ ಮೀರಿದರೆ ಪ್ರಾಣಕ್ಕೇ ಕುತ್ತು. ಗೆಣಸೆಂದು ಈ ಗಡ್ಡೆ ತಿಂದು ಸತ್ತವರಿದ್ದಾರೆ. ಮುಟ್ಟಿದ ಮಕ್ಕಳು ಕೈತೊಳೆಯದೆ ಬುತ್ತಿ ಬಿಚ್ಚಬಾರದು.

ಪೂಜೆಗೆ ಒಂದು ಹೂ ಕೀಳಬಹುದೇ ಎಂದು ತಾಯಂದಿರು ಕೇಳುವುದು ಸಹಜ. ಆದರೆ ಹೂ ಕಿತ್ತರೆ ಬೀಜವಿಲ್ಲ, ಗಡ್ಡೆ ಅಗೆದರೆ ಬಳ್ಳಿಯೇ ಇಲ್ಲ. ಚಿತ್ರ ಬರೆದುಕೊಂಡರೆ ಸಾಕು. ಹರ್ಬೇರಿಯಂ ಹಾಳೆಗೆ ಅಂಕವಿದೆಯೆಂದು ಕಾಡುಗಿಡಗಳನ್ನು ಬುಡಸಮೇತ ಕೀಳಿಸುವ ಪದ್ಧತಿಯನ್ನು ಶಾಲೆಗಳು ಬಿಡಬೇಕು. ಬೇಕಿದ್ದರೆ ಅಮೆರಿಕ ಖಂಡದಿಂದ ಬಂದು ಬೆಟ್ಟವನ್ನೆಲ್ಲ ಮುತ್ತಿರುವ ಲಂಟಾನವಿದೆ, ಎಷ್ಟಾದರೂ ಕೀಳಲಿ!

ಇಳಿದ ಮೇಲೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದದ್ದು. ಒಣಗಿ ಬಿದ್ದ ಜೊಂಡಿನ ಎಲೆಯನ್ನು ಅಡ್ಡ ಕತ್ತರಿಸಿದರೆ ಒಳಗೆಲ್ಲ ಗಾಳಿಯ ಕೋಣೆಗಳು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರು ಉಸಿರಾಡುವುದು ಇವುಗಳ ಮೂಲಕವೇ. ಉಬ್ಬಿದ ತೊಟ್ಟಿನ, ತಿಳಿನೇರಳೆ ಹೂವಿನ ವಾಟರ್ ಹಯಸಿಂತನ್ನು ಜನ ಅಂತರಗಂಗೆ ಎನ್ನುವುದುಂಟು. ನಿಜವಾದ ಅಂತರಗಂಗೆ ಬೇರೆ, ಬಿಡಿಸಿಟ್ಟ ಕೋಸಿನಂತಿರುತ್ತದೆ. ಹಯಸಿಂತ್ ಚರಂಡಿ ನೀರಿನ ಸಾರಜನಕ, ರಂಜಕಗಳನ್ನುಂಡು ಬೆಳೆಯುವ ಗಿಡ. ಅದು ದಟ್ಟವಾಗಿ ಹಬ್ಬಿದ್ದು ಕಂಡರೆ ಗುಂಪು ಇನ್ನರ್ಧ ಗಂಟೆ ದಂಡೆಯುದ್ದಕ್ಕೂ ನಡೆದು, ಕೆರೆಗೆ ನೀರು ಎಲ್ಲಿಂದ ಸೇರುತ್ತಿದೆ ಎಂದು ಮಕ್ಕಳಿಗೆ ತೋರಿಸಬೇಕು.