ಪಾವಟಿಗೆಯ ಕೆಳಗಿನ ಓರೆ ಕದ

ನೆಟ್ಟಗಿನ ಕದವಾದರೆ ಉದ್ದ, ಅಗಲ ಎರಡು ಅಳತೆ ಸಿಕ್ಕರೆ ಸಾಕು, ಬಡಿಗ ಗರಗಸ ಕೈಗೆತ್ತಿಕೊಳ್ಳುತ್ತಾನೆ. ಪಾವಟಿಗೆಯ ಕೆಳಗಿನ ಕಪಾಟಿಗೆ ಕದ ಮಾಡಿಸಲು ಹೊರಟವರಿಗೆ ಅಷ್ಟು ಸಾಲದು. ಅಲ್ಲಿ ಕದದ ಒಂದು ಬದಿ ಎತ್ತರ, ಇನ್ನೊಂದು ಬದಿ ಗಿಡ್ಡ, ಮೇಲಂಚು ಇಳಿಜಾರು. ಪಕ್ಕದ ಕದದ ಎತ್ತರ ಬೇರೆ, ಅದರ ಪಕ್ಕದ್ದು ಮತ್ತೂ ಬೇರೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪೀಠೋಪಕರಣ ಈ ಜಾಗದ ಹತ್ತಿರ ಸುಳಿಯುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸಿದವರ ಕೆಲಸದ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಕಟ್ಟಕಡೆಗೆ ಬರುತ್ತದೆ. ಅಷ್ಟೊತ್ತಿಗೆ ಕೈಯಲ್ಲಿನ ದುಡ್ಡು ಮುಗಿದಿರುತ್ತದೆ, ತಾಳ್ಮೆಯೂ ತೀರಿರುತ್ತದೆ. ಆದರೆ ಇಡೀ ಮನೆಯಲ್ಲಿ ಅತಿ ಹೆಚ್ಚು ಗಮನ ಬೇಡುವ ಮರಗೆಲಸ ಇದೇ.

ನವನಗರವೋ ಗೋಕುಲ ರಸ್ತೆಯ ಆಚೆಯ ಬಡಾವಣೆಯೋ, ಎಲ್ಲಿಯೇ ಆಗಲಿ, 30×40ರ ಸೈಟು ಎಂದರೆ 1,200 ಚದರಡಿ. ಅದರಲ್ಲಿ ನಡುವೆ ತಿರುಗಿ ಏರುವ ಪಾವಟಿಗೆ ಸುಮಾರು 70 ಚದರಡಿ ತಿನ್ನುತ್ತದೆ. ನೆಲದಿಂದ ಮೇಲಿನ ನೆಲಕ್ಕೆ ಹತ್ತಡಿ, ಮೆಟ್ಟಿಲಿನ ಏರು 6 ಇಂಚು, ಪಾದವಿಡುವ ಅಗಲ 10 ಇಂಚು ಎಂದಿಟ್ಟುಕೊಂಡರೆ ಒಟ್ಟು 20 ಏರು. ಅರ್ಧಕ್ಕೆ, ಐದಡಿ ಎತ್ತರದಲ್ಲಿ, ಲ್ಯಾಂಡಿಂಗ್. ಮನೆಗಳಿಗೆ ಏರು 190 ಮಿಲಿಮೀಟರ್ ಮೀರಬಾರದು, ಪಾದದ ಅಗಲ 250 ಮಿಲಿಮೀಟರ್‌ಗಿಂತ ಕಡಿಮೆಯಾಗಬಾರದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆ ಮಿತಿಯಲ್ಲೇ ಕಟ್ಟಿದರೆ ಇಳಿಜಾರು 37 ಡಿಗ್ರಿ. ಆರು-ಹತ್ತರ ಲೆಕ್ಕದಲ್ಲಿ 31 ಡಿಗ್ರಿ. ಕದದ ಮೇಲಂಚಿನ ಓರೆಯೂ ಇಲ್ಲಿಯೇ ನಿರ್ಧಾರವಾಗುತ್ತದೆ.

ಈ ಊರುಗಳ ಹಳೆಯ ಮನೆಗಳಲ್ಲಿ ಇಂಥ ಮುಕ್ಕೋನದ ಜಾಗ ಹುಟ್ಟುತ್ತಲೇ ಇರಲಿಲ್ಲ. ದೊಡ್ಡ ವಾಡೆಗಳಲ್ಲಿ ಗೋಡೆಯ ದಪ್ಪದೊಳಗೇ ಪಾವಟಿಗೆ ಅಡಗಿರುತ್ತಿತ್ತು. ಸಣ್ಣ ಮನೆಗಳಲ್ಲಿ ಮಾಳಿಗೆಗೆ ನಿಚ್ಚಣಿಕೆ ಸಾಕಾಗುತ್ತಿತ್ತು. ಸಾಮಾನಿಗೆ ಬೇರೆ ಜಾಗಗಳಿದ್ದವು: ದೀಪಕ್ಕೆ, ಕುಂಕುಮದ ಭರಣಿಗೆ ಗೋಡೆಯಲ್ಲಿ ಮಾಡ, ಹಪ್ಪಳ-ಸಂಡಿಗೆಯ ಡಬ್ಬಿಗೆ ಅಟ್ಟ, ಜೋಳಕ್ಕೆ ನೆಲದೊಳಗಿನ ಹಗೇವು. ಕಾಂಕ್ರೀಟು ಬಂದು ಗೋಡೆ ತೆಳುವಾಯಿತು. ಮಾಡ ಹೋಯಿತು, ಅಟ್ಟ ಹೋಯಿತು, ಹಗೇವು ಮುಚ್ಚಿತು. ಪಾವಟಿಗೆ ಮಾತ್ರ ಪಡಸಾಲೆಯೊಳಗೆ ಬಂದು ನಿಂತಿತು. ಹಾಗಾಗಿ ಅದರ ಕೆಳಗಿನ ಖಾಲಿ ಜಾಗಕ್ಕೆ ಕದ ಕೇಳುವ ಗೃಹಿಣಿಯದು ಷೋಕಿಯಲ್ಲ. ಮನೆ ಕಳೆದುಕೊಂಡ ಜಾಗವನ್ನೇ ಆಕೆ ಮರಳಿ ಕೇಳುತ್ತಿದ್ದಾಳೆ.

ಜಪಾನಿನವರು ಇದನ್ನು ಇನ್ನೊಂದು ತುದಿಯಿಂದ ಬಿಡಿಸಿದರು. ಅವರ ಎಡೊ ಕಾಲದ ಇಕ್ಕಟ್ಟಾದ ಮನೆಗಳಲ್ಲಿ ಪಾವಟಿಗೆಯೇ ಕಪಾಟು. ಕೈದಾನ್-ದಾನ್ಸು ಎಂಬ ಆ ಮರದ ಏಣಿಯಲ್ಲಿ ಪ್ರತಿ ಮೆಟ್ಟಿಲಿನ ಕೆಳಗೂ ಚೌಕಾದ ಡ್ರಾವರು, ಸಣ್ಣ ಬಾಗಿಲು. ಓರೆ ಗೆರೆಯ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಮ್ಮ ಪಾವಟಿಗೆಯ ಅಡಿ ಒಂದೇ ಸಮನೆ ಇಳಿಯುವ ಕಾಂಕ್ರೀಟ್ ಹಾಸು. ಕದ ಅದಕ್ಕೆ ಹೊಂದಿಕೊಳ್ಳದೆ ಗತಿಯಿಲ್ಲ.

ಒಳ್ಳೆಯ ಬಡಿಗೇರರನ್ನು ಗುರುತಿಸುವುದು ಅವರು ಅಳತೆಗೆ ಯಾವಾಗ ಬರುತ್ತಾರೆ ಎಂಬುದರಿಂದ. ಮನೆಯಾಕೆ ಫೋನಿನಲ್ಲಿ ಅವಸರ ಮಾಡಿದರೆ ಅನುಭವಸ್ಥ ಹೇಳುವ ಮಾತು ಹೀಗಿರುತ್ತದೆ: “ಅಕ್ಕಾರ, ಮೊದಲ ಟೈಲ್ಸ್ ಕೂಡ್ಲಿ, ಗಿಲಾಯಿ ಮುಗೀಲಿ, ಆಮ್ಯಾಲೆ ಬರ್ತೀನ್ರಿ. ಈಗ ಅಳತಿ ತಗೊಂಡ್ರ ಕದ ನೆಲಕ್ಕ ಹತ್ತತೈತಿ.” ಟೈಲ್ಸೂ ಅದರ ಕೆಳಗಿನ ಮಸಾಲೆಯೂ ಸೇರಿ ನೆಲ ಎರಡು ಇಂಚು ಮೇಲೆ ಬರುವುದು ಸಾಮಾನ್ಯ. ಆ ಎರಡು ಇಂಚು ನೆಟ್ಟಗಿನ ಕದದಲ್ಲಿ ಬರೀ ಕೆಳಗೆ ಕತ್ತರಿಸುವ ಕೆಲಸ. ಓರೆ ಕದದಲ್ಲಿ ಮಾತ್ರ ಮೇಲಿನ ಗೆರೆ, ಕದಗಳು ಕೂಡುವ ಜಾಗ, ಹಿಡಿಕೆಯ ಸಾಲು ಎಲ್ಲವೂ ತಪ್ಪುತ್ತವೆ.

ಬಂದವನು ಟೇಪು ಹಿಡಿಯುವ ಮೊದಲು ದಾರ ಹಿಡಿಯುತ್ತಾನೆ. ಮೇಲಿನ ತುದಿಗೊಂದು ಮೊಳೆ, ಕೆಳಗಿನ ತುದಿಗೊಂದು ಮೊಳೆ, ನಡುವೆ ಬಿಗಿದ ದಾರ. ಕಾಂಕ್ರೀಟಿನ ಅಡಿಯ ಗಿಲಾಯಿ ಕಣ್ಣಿಗೆ ಸಪಾಟಾಗಿಯೇ ಕಾಣುತ್ತದೆ. ದಾರ ಕಟ್ಟಿದಾಗ ಒಂದು ಕಡೆ ಅರ್ಧ ಇಂಚು ಹೊಟ್ಟೆ, ಇನ್ನೊಂದು ಕಡೆ ಕಾಲು ಇಂಚು ತಗ್ಗು ಹೊರಬೀಳುತ್ತವೆ. ರಸಮಟ್ಟವಿಟ್ಟರೆ ನೆಲವೂ ಅಷ್ಟೆ. ತೂಗುಗುಂಡು ಬಿಟ್ಟರೆ ಕಂಬವೂ ಅಷ್ಟೆ. ಈ ಡೊಂಕಿಗೆ ತಕ್ಕಂತೆ ಕದವನ್ನೇ ಡೊಂಕಾಗಿ ಕೊಯ್ಯುವುದು ಕೆಟ್ಟ ಕೆಲಸ. ಬಲ್ಲವರು ಕದಕ್ಕೂ ಕಾಂಕ್ರೀಟಿಗೂ ನಡುವೆ ಎರಡಿಂಚಿನ ಪಟ್ಟಿ ಕೂಡಿಸುತ್ತಾರೆ. ಪಟ್ಟಿಯ ಮೇಲಂಚನ್ನು ಗಿಲಾಯಿಯ ಏರುಪೇರು ನೋಡಿ ನೋಡಿ ರಂದಾ ಹೊಡೆದು ಕೂಡಿಸಬೇಕು. ಕೆಳಂಚು ದಾರದಷ್ಟು ನೇರ. ಕದಗಳು ನೋಡುವುದು ಆ ಕೆಳಂಚನ್ನು ಮಾತ್ರ. ನಡುವಿನ ಸಂದು 3 ಮಿಲಿಮೀಟರ್, ಈ ತುದಿಯಿಂದ ಆ ತುದಿಗೆ ಒಂದೇ. ಸಂದು ಎರಡು ಕಡೆ ಹೆಚ್ಚುಕಡಿಮೆಯಾದರೆ ಬಂದ ನೆಂಟರೂ ಅದನ್ನೇ ನೋಡುತ್ತಾರೆ.

ಆಮೇಲೆ ಫರ್ಮಾ. ರಟ್ಟಿನಲ್ಲೋ ತೆಳುವಾದ ಪ್ಲೈಯಲ್ಲೋ ಪ್ರತಿ ಕದದ ಆಕಾರವನ್ನು ಕತ್ತರಿಸಿ, ಜಾಗಕ್ಕೆ ಹಿಡಿದು ನೋಡಿ, ಮೇಲೆ ಒಂದು, ಎರಡು, ಮೂರು ಎಂದು ಬರೆಯುವುದು. ಕೋನವನ್ನು ಕಾಗದದಲ್ಲಿ ಡಿಗ್ರಿಯಾಗಿ ಬರೆದುಕೊಂಡು ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಅರ್ಧ ಡಿಗ್ರಿ ತಪ್ಪಿದರೂ ಉದ್ದನೆಯ ಅಂಚಿನ ಕೊನೆಗೆ ಅದು ಸಂದಾಗಿ ಕಾಣುತ್ತದೆ.

ಇಲ್ಲಿ ಲೆಕ್ಕದ ಒಂದು ಸೊಗಸಿದೆ. ಆರು-ಹತ್ತರ ಇಳಿಜಾರಿನಲ್ಲಿ ಒಂದೂವರೆ ಅಡಿ ಅಗಲದ ಕದ ಸುಮಾರು 11 ಇಂಚು ಇಳಿಯುತ್ತದೆ. ಕಾಂಕ್ರೀಟ್ ಹಾಸಿನ ದಪ್ಪವನ್ನೂ ಪಟ್ಟಿಯನ್ನೂ ಕಳೆದು ಎತ್ತರದ ತುದಿ 52 ಇಂಚು ಎಂದರೆ ಮೊದಲ ಕದ 52ರಿಂದ 41ಕ್ಕೆ, ಎರಡನೆಯದು 41ರಿಂದ 30ಕ್ಕೆ, ಮೂರನೆಯದು 30ರಿಂದ 19ಕ್ಕೆ. ಈಗ ಮೂರನೆಯ ಕದವನ್ನು ತಲೆಕೆಳಗಾಗಿಸಿ ಮೊದಲನೆಯದರ ಮೇಲೆ ಇಟ್ಟು ನೋಡಬೇಕು: ಒಂದು ಬದಿ 52 ಮತ್ತು 19, ಇನ್ನೊಂದು ಬದಿ 41 ಮತ್ತು 30. ಎರಡೂ 71. ಅಂದರೆ 18 ಇಂಚು ಅಗಲ, 71 ಇಂಚು ಉದ್ದದ ಒಂದೇ ಪಟ್ಟಿಗೆ ಒಂದೇ ಓರೆ ಕೊಯ್ತ ಹಾಕಿದರೆ ಎರಡು ಕದ ಸಿದ್ಧ. ಗರಗಸ ತಿನ್ನುವ ಕೂದಲೆಳೆಯಷ್ಟನ್ನು ಸೇರಿಸಿಕೊಂಡರಾಯಿತು. ಆ ಪಟ್ಟಿಯಲ್ಲಿ ಚೂರು ವ್ಯರ್ಥವಾಗುವುದಿಲ್ಲ. ಸನ್‌ಮೈಕಾದ ಮೇಲೆ ಹೂಬಳ್ಳಿಯ ಚಿತ್ರವಿದ್ದರೆ ಮಾತ್ರ ಒಂದರಲ್ಲಿ ಬಳ್ಳಿ ತಲೆಕೆಳಗಾಗುತ್ತದೆ, ಹಾಗಾಗಿ ಬರೀ ಬಣ್ಣ ಅಥವಾ ಮರದ ಗೆರೆಯದ್ದೇ ಇದಕ್ಕೆ ಸರಿ. ಬಡಿಗೇರರು ಕೂಲಿ ಹೇಳುವುದು ಚದರಡಿಯ ಮೇಲೆ. ಓರೆ ಕದವನ್ನು ಪೂರ್ತಿ ಚೌಕವೆಂದು ಅಳೆಯುತ್ತಾರೋ ಇದ್ದಷ್ಟನ್ನೇ ಅಳೆಯುತ್ತಾರೋ ಎಂಬುದನ್ನು ಮೊದಲೇ ಮಾತಾಡಿಕೊಂಡರೆ ಕೊನೆಗೆ ಜಗಳವಿಲ್ಲ. ಕೂಲಿಯನ್ನು ಚೌಕದ ಲೆಕ್ಕದಲ್ಲಿ ಕೊಡುವುದೇ ನ್ಯಾಯ. ಓರೆ ಅಂಚಿಗೆ ಪಟ್ಟಿ ಅಂಟಿಸುವ ಶ್ರಮ ನೇರ ಅಂಚಿನದಕ್ಕಿಂತ ಹೆಚ್ಚು.

ಬಿಜಾಗರಿ ಯಾವ ಬದಿಗೆ? ಎತ್ತರದ ಬದಿಗೇ. ಕಾರಣ ಎರಡು. ಎರಡು ಬಿಜಾಗರಿಗಳ ನಡುವೆ ಅಂತರ ಹೆಚ್ಚಿದಷ್ಟೂ ಕದ ಜೋಲುವುದು ಕಡಿಮೆ. ಎರಡನೆಯದು ತೆರೆಯುವ ರೀತಿ: ಎತ್ತರದ ಬದಿಗೆ ತೂಗಿದ ಕದ ತೆರೆದಾಗ ಮೇಲಿನ ಜಾಗ ಎತ್ತರವಿರುವ ಕಡೆಗೇ ಸರಿಯುತ್ತದೆ. ಗಿಡ್ಡ ಬದಿಗೆ ತೂಗಿದರೆ ಎತ್ತರದ ಮೂಲೆ ತಗ್ಗಿನ ಕಡೆಗೆ ತಿರುಗಿ, ಹೊರಚಾಚಿದ ಮೆಟ್ಟಿಲ ಕಲ್ಲಿಗೆ ಬಡಿಯುತ್ತದೆ. ಇದನ್ನು ಮೊದಲು ಯೋಚಿಸದೆ ಬಿಜಾಗರಿ ಕೂರುವ 35 ಮಿಲಿಮೀಟರಿನ ಕುಳಿ ತೋಡಿಬಿಟ್ಟರೆ ಕದವನ್ನೇ ಬದಲಿಸಬೇಕು. ಮೂರು ಕದ ಮುಗಿದ ಮೇಲೆ ತಗ್ಗಿನಲ್ಲಿ ಎರಡೂವರೆ ಅಡಿಯ ಚೂಪು ಮುಕ್ಕೋನ ಉಳಿಯುತ್ತದೆ. ಅದಕ್ಕೆ ಕದ ಬೇಡ. 31 ಡಿಗ್ರಿಯ ಚೂಪಾದ ಪ್ಲೈ ಮೊನೆ ಕಸಬರಿಗೆ ತಗುಲಿಯೇ ಒಡೆಯುತ್ತದೆ. ಚಕ್ರ ಹಾಕಿದ ಟ್ರಾಲಿ ಮಾಡಿಸಿದರೆ ಮೂರಡಿ ಆಳದ ಮೂಲೆಯೂ ಹೊರಗೆ ಬರುತ್ತದೆ. ಮಕ್ಕಳ ಚಪ್ಪಲಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮರದ ವಿಷಯಕ್ಕೆ ಬಂದರೆ ಈ ಊರಿನವರ ಮನಸ್ಸು ಇನ್ನೂ ದಾಂಡೇಲಿಯ ಸಾಗವಾನಿಯಲ್ಲಿದೆ. ಹತ್ತಿರದ ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡಿದವರಿಗೆ ಆ ಮೋಹ ಅರ್ಥವಾಗುತ್ತದೆ. ಆದರೂ ಓರೆ ಕದಕ್ಕೆ ಪ್ಲೈಯೇ ಒಳ್ಳೆಯದು. ಗಟ್ಟಿಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ; ಪದರಗಳನ್ನು ಅಡ್ಡಡ್ಡ ಅಂಟಿಸಿದ ಪ್ಲೈ ಬಹುಮಟ್ಟಿಗೆ ಅಳತೆಯಲ್ಲೇ ನಿಲ್ಲುತ್ತದೆ. ಒಳಗಿನ ಪಾವಟಿಗೆಗೆ ಐಎಸ್ 303 ಗುರುತಿನದು ಸಾಕು. ಮೇಲಿನ ಮನೆ ಬಾಡಿಗೆಗೆ ಕೊಡಲೆಂದು ಪಾವಟಿಗೆಯನ್ನು ಹೊರಗಿಟ್ಟು, ಅದರ ಕೆಳಗೆ ಸಂಪು, ಮೋಟಾರು ಇಟ್ಟವರು ಬಹಳ. ಅಲ್ಲಿ ತೇವ ಆರುವುದೇ ಇಲ್ಲ, ಐಎಸ್ 710 ಗುರುತಿನ ಹಾಳೆಯೋ ಅಲ್ಯೂಮಿನಿಯಮ್ಮೋ ಬೇಕು.

ಒಳಗೆ ಏನಿಡುತ್ತೇವೆ ಎಂಬುದನ್ನು ಕದ ಕೊಯ್ಯುವ ಮೊದಲೇ ತೀರ್ಮಾನಿಸಬೇಕು. ಕಲಘಟಗಿಯ ತೊಟ್ಟಿಲನ್ನೇ ಮುಂದಿನ ಮೊಮ್ಮಗುವಿಗೆಂದು ಇಡುವುದಾದರೆ ನಡುವಿನ ಒಂದು ಗೋಡೆ ಬಿಡಬೇಕು, ಕದ ಜೋಡಿಯಾಗಿ ತೆರೆಯಬೇಕು. ಇನ್ವರ್ಟರಿನ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಹಗುರ, ಮೇಲೇರಿ ಎತ್ತರದ ಮೂಲೆಯಲ್ಲಿ ಕೂಡುತ್ತದೆ. ಹಾಗಾಗಿ ಮೊದಲ ಕದದ ಮೇಲ್ತುದಿಯಲ್ಲಿ ಜಾಲರಿ ಇರಲೇಬೇಕು, ಗಾಳಿ ಒಳಬರಲು ಬುಡದಲ್ಲೊಂದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. 14.2 ಕಿಲೋದ ಸಿಲಿಂಡರನ್ನು ಈ ಕಪಾಟಿನೊಳಗೆ ಇಡಲೇಕೂಡದು, ಅದರಲ್ಲೂ ಬ್ಯಾಟರಿಯ ಪಕ್ಕದಲ್ಲಿ. ಅಪಾರ್ಟ್‌ಮೆಂಟಿನ ಎಲ್ಲರೂ ಓಡಾಡುವ ಪಾವಟಿಗೆಗೆ ಈ ಕಪಾಟೇ ಬೇಡ. ಬೆಂಕಿ ಬಿದ್ದಾಗ ಇಳಿದು ಹೋಗಲು ಇರುವ ದಾರಿ ಅದು.

ಇನ್ನು ಹುಬ್ಬಳ್ಳಿಯ ಎರೆ ಭೂಮಿ. ಮಳೆಗೆ ಉಬ್ಬುವ, ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಅಡಿಪಾಯ ಸಾಕಷ್ಟು ಆಳಕ್ಕೆ ಹೋಗದಿದ್ದರೆ ನೆಲವೂ ಗೋಡೆಯೂ ಕೊಂಚ ಕದಲುತ್ತವೆ. ಚೌಕದ ಕದ ಅದನ್ನು ತಾಳಿಕೊಂಡೀತು. ಓರೆ ಕದ ಮೇಲಿನ ಪಟ್ಟಿಗೆ ಉಜ್ಜತೊಡಗುತ್ತದೆ. ಆದ್ದರಿಂದ ತಿರುಪು ತಿರುಗಿಸಿ ಹಿಂದೆಮುಂದೆ, ಮೇಲೆಕೆಳಗೆ ಸರಿಸಬಹುದಾದ ಬಿಜಾಗರಿಯನ್ನೇ ಕೇಳಿ ಹಾಕಿಸಬೇಕು. ಮಾತುಕತೆಯ ದಿನವೇ ಇನ್ನೊಂದನ್ನೂ ಗಟ್ಟಿ ಮಾಡಿಕೊಳ್ಳಬೇಕು: ಮೊದಲ ಮಳೆಗಾಲ ಕಳೆದ ಮೇಲೆ, ದಸರೆಯ ಸುತ್ತ, ಬಡಿಗೇರರು ಮತ್ತೊಮ್ಮೆ ಬಂದು ಸಂದು ನೋಡಿ ಕದ ಕೂಡಿಸಿಕೊಡುವುದು, ಕೂಲಿಯ ಕೊನೆಯ ಕಂತನ್ನು ಅವತ್ತು ತೆಗೆದುಕೊಳ್ಳುವುದು.