ಶಹಾಬಾದಿನ ಜಾವಾ: ದಿನಚರಿಯ ಪುಟಗಳು

ಆಡಕಿ, 10 ನವೆಂಬರ್ 2024, ರವಿವಾರ

ವಾಡಿಯಿಂದ ಅಳಿಯನ ಫೋನು. ಶಹಾಬಾದಿನಲ್ಲಿ 1968ರ ಜಾವಾ ಬೈಕು ಮಾರಾಟಕ್ಕಿದೆಯಂತೆ. "ಮಾಮಾ, ಕಂಪನಿ ಒರಿಜಿನಲ್ ಅದ ಅಂತಾನ್ರಿ. ಒಂದು ಲಕ್ಷ ಎಂಬತ್ತು ಸಾವಿರ ಹೇಳ್ಯಾನ. ಇವತ್ತೇ ಅಡ್ವಾನ್ಸ್ ಕೊಡು ಅಂತ ಗಂಟು ಬಿದ್ದಾನ." ರೊಕ್ಕ ಕಿಸೆಯಾಗೇ ಇರ್ಲಿ, ಮೊದಲು ಆರ್‌ಸಿ ಫೋಟೊ ಕಳಿಸು ಅಂದೆ.

ಹುಡುಗನ ಆಸೆ ನನಗೆ ಅರ್ಥವಾಗುತ್ತದೆ. ಜಾವಾ ಮೂಲದಲ್ಲಿ ಚೆಕೊಸ್ಲೊವಾಕಿಯಾದ ಗಾಡಿಯಾದರೂ ನಮ್ಮ ಪಾಲಿಗೆ ಅದು ಮೈಸೂರಿನದೇ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1973ರ ಸುಮಾರಿಗೆ ಗಾಡಿಯ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಲ್ಲಿಂದಾಚೆಗೆ ಆ ಕಾರ್ಖಾನೆಯ ಗಾಡಿಗಳು ಇದ್ದಷ್ಟೇ ಇವೆ, ಕೇಳುವ ಮಂದಿ ಮಾತ್ರ ಹೆಚ್ಚಾಗಿದ್ದಾರೆ. ಸುಳ್ಳು ಹುಟ್ಟುವುದು ಇಂಥ ಕಡೆಯೇ.

13 ನವೆಂಬರ್, ಬುಧವಾರ

ಆರ್‌ಸಿ ಫೋಟೊ ಬಂತು. ಹಳೆಯ ಪುಸ್ತಕ, ಅಂಚು ಗೆದ್ದಲು ತಿಂದಿದೆ. ನಂಬರು ಎಂ.ವೈ. ಅಕ್ಷರಗಳಿಂದ ಶುರು, ಅಂದರೆ ಮೈಸೂರು ರಾಜ್ಯದ ಹೆಸರಿನದು. ಕೆಎ ನಂಬರುಗಳು ಬಂದದ್ದು 1989ರಲ್ಲಿ, ನಮ್ಮ ಕಲಬುರಗಿಯ ಕೆಎ-32 ಕೂಡ ಆಮೇಲಿನದು. ಹಾಗಾಗಿ ಪ್ಲೇಟಿಗೂ 1968ಕ್ಕೂ ತಕರಾರಿಲ್ಲ. ಆದರೆ ಪ್ಲೇಟು ಒಂದು ತಗಡು. ಯಾರು ಬೇಕಾದರೂ ಬರೆಸಿ ಹಾಕಬಹುದು. ನೋಡಬೇಕಾದದ್ದು ಎರಡೇ: ಚಾಸಿ ನಂಬರು, ಇಂಜಿನ್ ನಂಬರು.

ಅಮೆರಿಕದವರು 1960ರ ದಶಕದ ತಮ್ಮ ಭಾರಿ ಇಂಜಿನ್ನಿನ ಕಾರುಗಳಿಗೆ ಇದೇ ಪರೀಕ್ಷೆ ಮಾಡುತ್ತಾರೆ. ಆದರೆ ನಂಬರು ನೋಡಿದರೂ ಸಾಲದ ಪಾಂಟಿಯಾಕ್ ಜಿಟಿಒ ಕಾರಿನದು ನನಗೆ ತುಂಬ ಹಿಡಿಸಿದ ಪ್ರಸಂಗ. 1964 ಮತ್ತು 1965ರಲ್ಲಿ ಜಿಟಿಒ ಅಂದರೆ ಅದೇ ಕಂಪನಿಯ ಲೆಮಾನ್ ಕಾರಿಗೆ ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಸರಂಜಾಮು. ಚಾಸಿ ನಂಬರು ನೋಡಿ ಇದು ಜಿಟಿಒ ಹೌದೋ ಅಲ್ಲವೋ ಹೇಳಲಾಗದು. 1966ರಿಂದ ಮಾತ್ರ ಅದಕ್ಕೆ ಪ್ರತ್ಯೇಕ ಸಂಕೇತ ಬಂತು. ಆ ಎರಡು ವರ್ಷದ ಕಾರು ಕೊಳ್ಳುವವರು ಕಂಪನಿಯ ಹಳೆಯ ಬಿಲ್ಲಿನ ನಕಲು ತರಿಸಿ ನೋಡುತ್ತಾರೆ. ಕೆಲವು ಕಾರುಗಳಲ್ಲಿ ಕಾರ್ಖಾನೆಯ ಕೆಲಸಗಾರರು ಇಟ್ಟುಹೋದ ಜೋಡಣೆಯ ಚೀಟಿ ಸೀಟಿನ ಸ್ಪ್ರಿಂಗಿನೊಳಗೆ ಇನ್ನೂ ಸಿಗುವುದುಂಟು. ಸಾಮಾನ್ಯ ಲೆಮಾನ್‌ಗೆ ಜಿಟಿಒ ಬಿಲ್ಲೆ ಹಚ್ಚಿ ದುಪ್ಪಟ್ಟು ರೇಟಿಗೆ ಮಾರಿದವರು ಅಲ್ಲಿಯೂ ಕಡಿಮೆ ಇಲ್ಲ.

ಗಾಡಿ ಕಣ್ಣಾರೆ ನೋಡದೆ ಫೋಟೊದ ಮೇಲೆ ಏನೂ ಹೇಳಬಾರದು. ಶನಿವಾರ ಹೋಗುತ್ತೇನೆ.

16 ನವೆಂಬರ್, ಶನಿವಾರ, ರಾತ್ರಿ

ಸೇಡಂನಲ್ಲಿ ರೈಲು ಹತ್ತಿ ವಾಡಿಗೆ, ಅಲ್ಲಿಂದ ಅಳಿಯನ ಗಾಡಿಯ ಮೇಲೆ ಶಹಾಬಾದಿಗೆ. ಚಿತ್ತಾಪುರ ದಾಟುವವರೆಗೂ ಎರಡೂ ಬದಿ ತೊಗರಿ ಹೂವಿನಲ್ಲಿತ್ತು.

ಮಾರುವವನು ಜಾವಾವನ್ನು ಅಂಗಳದ ಫರಸಿಯ ಮೇಲೆ ಒರೆಸಿ ನಿಲ್ಲಿಸಿದ್ದ. ನೋಡಲು ಚೆಂದವೇ ಇದೆ. ಮರೂನ್ ಬಣ್ಣ, ಟ್ಯಾಂಕಿನ ಎರಡು ಬದಿ ಕ್ರೋಮು, ಮೊಣಕಾಲಿಗೆ ರಬ್ಬರಿನ ಪ್ಯಾಡು, ಒಂದೇ ಸಿಲಿಂಡರಿನಿಂದ ಹೊರಟ ಎರಡು ಸೈಲೆನ್ಸರು. ಕಿಕ್ಕರ್ ಒತ್ತಿ ಮುಂದಕ್ಕೆ ಮಡಚಿದರೆ ಅದೇ ಗೇರಿನ ಲಿವರ್. 16 ಇಂಚಿನ ಚಕ್ರಗಳು, ರೋಡ್‌ಕಿಂಗ್‌ನ 18 ಇಂಚಿನವಲ್ಲ. ಇಷ್ಟರಲ್ಲಿ ಎಲ್ಲ ಸರಿ. ಆದರೆ ಇವೆಲ್ಲ ಬಿಚ್ಚಿ ಜೋಡಿಸಬಹುದಾದ ಸಾಮಾನು, ಹೊಸದಾಗಿಯೂ ಸಿಗುತ್ತವೆ. ಗಾಡಿ ಎಲ್ಲಿ ಹುಟ್ಟಿದ್ದು ಅನ್ನುವುದಕ್ಕೆ ಇವು ಸಾಕ್ಷಿಯಾಗಲಾರವು.

ಮೊದಲು ಚಾಸಿ. ಹ್ಯಾಂಡಲ್ ಕೆಳಗಿನ ಸ್ಟೇರಿಂಗ್ ಹೆಡ್ಡಿನ ಮೇಲೆ ನಂಬರು ಹೊಡೆದಿರುತ್ತದೆ. ಹೊಸ ಬಣ್ಣ ಅಂಕಿಗಳೊಳಗೆ ತುಂಬಿತ್ತು. ಒಂದು ಚಿಂದಿಯನ್ನು ಥಿನ್ನರಿನಲ್ಲಿ ಅದ್ದಿ ಅಷ್ಟೇ ಜಾಗ ತಿಕ್ಕಲು ಅವನ ಒಪ್ಪಿಗೆ ಕೇಳಿದೆ. "ಏನ್ ಬೇಕಾದ್ರೂ ನೋಡ್ಕೊಳ್ರಿ ಸರ, ನಮ್ದೇನು ಮುಚ್ಚಿಡೋದಿಲ್ಲ" ಅಂದ. ಬಣ್ಣ ಬಿಟ್ಟ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿದೆ. ಆರ್‌ಟಿಒ ಕಚೇರಿಯಲ್ಲಿ ಚಾಸಿ ಪ್ರಿಂಟ್ ತೆಗೆಯುವ ಕ್ರಮವೇ ಇದು. ಕಣ್ಣಿಗೆ ಬೀಳದ ಗೀರು ಕಾಗದದ ಮೇಲೆ ಬೀಳುತ್ತದೆ. ಅಂಕಿಗಳು ಸಾಲಾಗಿ, ಒಂದೇ ಆಳಕ್ಕೆ ಬಂದವು. ಆರ್‌ಸಿಯೊಂದಿಗೆ ಪೂರ್ತಿ ಕೂಡಿದವು. ಚಾಸಿ 1968ರದೇ, ಅನುಮಾನವಿಲ್ಲ.

ಆಮೇಲೆ ಇಂಜಿನ್. ಇಲ್ಲಿಯೂ ಅಂಕಿಗಳು ಆರ್‌ಸಿಯಲ್ಲಿದ್ದಂತೆಯೇ ಇದ್ದವು. ಅಳಿಯನ ಮುಖ ಅರಳಿತು. ನನಗೆ ಅಂಕಿಗಿಂತ ಅದರ ಕೆಳಗಿನ ಲೋಹ ಮುಖ್ಯ. ಎರಕ ಹೊಯ್ದ ಅಲ್ಯೂಮಿನಿಯಂ ಪೆಟ್ಟಿಗೆಯ ಮೈ ಒರಟಾಗಿ, ಕಾಳುಕಾಳಾಗಿ ಇರುತ್ತದೆ. ನಂಬರಿನ ಜಾಗ ಮತ್ತು ಅದರ ಸುತ್ತ ಎರಡು ಬೆರಳಿನಷ್ಟು ಅಗಲ ನುಣ್ಣಗಿತ್ತು. ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟೆ. ಒಂದೇ ದಿಕ್ಕಿಗೆ ಓಡಿದ ಸಣ್ಣ ಗೀರುಗಳು, ಅರದಿಂದ ಉಜ್ಜಿದ್ದು. ಪೆನ್ಸಿಲ್ ಪ್ರಿಂಟಿನಲ್ಲಿ ಇನ್ನೂ ಸ್ಪಷ್ಟವಾಯಿತು: ಅಂಕಿಗಳ ಆಳ ಒಂದೊಂದು ತರ, ಕೊನೆಯ ಎರಡು ತುಸು ವಾಲಿವೆ, ಒಂದು ಮೂರರ ಹಿಂದೆ ಎಂಟೋ ಆರೋ ಇದ್ದದ್ದರ ನೆರಳು.

ಬಲಗಡೆಯ ಕವರ್ ಬಿಚ್ಚಲು ಹೇಳಿದೆ. ಆ ಕಾಲದ ಜಾವಾದಲ್ಲಿ ಅಲ್ಲಿ 6 ವೋಲ್ಟಿನ ಡೈನಮೊ, ಕಾಂಟ್ಯಾಕ್ಟ್ ಪಾಯಿಂಟ್ ಇರಬೇಕು. ಇದರಲ್ಲಿದ್ದದ್ದು 12 ವೋಲ್ಟಿನ ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್, ಕೊನೆಗಾಲದ ರೋಡ್‌ಕಿಂಗ್‌ಗಳಲ್ಲಿ ಬಂದಂಥದು. ಜಾವಾಕ್ಕೆ ಬರುತ್ತಿದ್ದ ಜಿಕೋವ್ ಕಾರ್ಬುರೇಟರ್ ಕೂಡ ಇರಲಿಲ್ಲ. ಇವು ಇಷ್ಟೇ ಆಗಿದ್ದರೆ ಯಾರೋ ಅನುಕೂಲಕ್ಕೆ ಹಾಕಿಸಿದ್ದಾರೆ ಅಂದುಕೊಳ್ಳುತ್ತಿದ್ದೆ. ರಸ್ತೆಯಲ್ಲಿ ಓಡಿಸುವವರು ಎಷ್ಟೋ ಜನ ಹಾಗೆ ಮಾಡುತ್ತಾರೆ, ತಪ್ಪೇನಿಲ್ಲ. ಅರ ಹಾಕಿದ ನಂಬರಿನ ಜೊತೆ ಸೇರಿಸಿ ನೋಡಿದಾಗ ಮಾತ್ರ ಕಥೆ ತಿಳಿಯುತ್ತದೆ. ಇಂಜಿನ್ ಬೇರೆ ಗಾಡಿಯದು. ಅದರ ನಂಬರು ಅಳಿಸಿ ಆರ್‌ಸಿಯಲ್ಲಿದ್ದ ನಂಬರು ಹೊಡೆದಿದ್ದಾರೆ.

ಮಾರುವವನಿಗೆ ಎದುರಿಗೇ ಹೇಳಿದೆ. ಅವನು ಸಿಟ್ಟಾಗಲಿಲ್ಲ. ತಾನೂ ಎರಡು ವರ್ಷದ ಹಿಂದೆ ಹೈದರಾಬಾದಿನ ಕಡೆಯವರಿಂದ ಹೀಗೇ ಒರಿಜಿನಲ್ ಅಂತಲೇ ಕೊಂಡದ್ದು ಅಂದ. ನಾನು ನಂಬುತ್ತೇನೆ. ಮೋಸ ಎಲ್ಲಿ ಶುರುವಾಯಿತೋ, ಈಗ ಅದು ಅವನ ಅಂಗಳದಲ್ಲಿದೆ.

17 ನವೆಂಬರ್, ರವಿವಾರ

ವಾಡಿಯಲ್ಲೇ ಉಳಿದು ಬೆಳಿಗ್ಗೆ ಚಿತ್ತಾಪುರದ ಮಿಸ್ತ್ರಿ ಕಾಕಾನ ಬಳಿ ಹೋದೆವು. ಎಪ್ಪತ್ತು ದಾಟಿದ ಮನುಷ್ಯ, ಸುತ್ತಲಿನ ತಾಲ್ಲೂಕುಗಳ ಜಾವಾ ಯೆಜ್ಡಿಗಳೆಲ್ಲ ಒಂದಲ್ಲ ಒಂದು ಸಲ ಅವನ ಕೈಗೆ ಬಂದಿವೆ. ಪ್ರಿಂಟು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಇಂಜಿನ್ ಬದ್ಲಿ ಮಾಡಾದು ಆಗ ದೊಡ್ಡ ಮಾತೇ ಅಲ್ರಿ. ಹಾಲಿನ ಕ್ಯಾನು, ತೊಗರಿ ಚೀಲ, ಮ್ಯಾಲ ಮೂರು ಮಂದಿ. ಪೆಟ್ರೋಲಿಗಿ ಆಯಿಲ್ ಕಮ್ಮಿ ಹಾಕ್ತಿದ್ರು, ಬ್ಯಾಸಗಿದಾಗ ಪಿಸ್ಟನ್ ಹಿಡ್ಕೊಂಡು ನಿಲ್ತಿತ್ತು. ಗುಜರಿದಾಗ ಯೆಜ್ಡಿ ಇಂಜಿನ್ ಸಿಕ್ರ ತಂದು ಕೂಡಿಸ್ತಿದ್ದೆ. ಆದ್ರ ನಂಬರಿಗಿ ಕೈ ಹಚ್ಚಿಲ್ರಿ ನಾ. ಅದು ಕಳ್ಳರ ಕೆಲ್ಸ."

ಈ ಮಾತನ್ನು ಇಡಿಯಾಗಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಇಂಜಿನ್ ಬದಲಾಯಿಸಿದ್ದು ಬಡವರ ಅನಿವಾರ್ಯ. ಆ ಗಾಡಿಗಳು ಇವತ್ತಿಗೂ ಓಡುತ್ತಿರುವುದು ಇಂಥ ಮಿಸ್ತ್ರಿಗಳ ಕೈಗುಣದಿಂದ. ಅವರ ಕೆಲಸವನ್ನು ಕೀಳಾಗಿ ನೋಡುವ ಹಕ್ಕು ನಗರದ ಯಾವ ಸಂಗ್ರಾಹಕನಿಗೂ ಇಲ್ಲ. ನಂಬರು ತಿದ್ದುವುದು ಬೇರೆಯೇ ಜಾತಿಯ ಕೆಲಸ. ಅದರಿಂದ ಎರಡು ಗಾಡಿಗಳ ಚರಿತ್ರೆ ಒಟ್ಟಿಗೇ ಅಳಿಸಿಹೋಗುತ್ತದೆ. ಇಂಜಿನ್ ಕಳವಿನದಾಗಿದ್ದರೆ ಪೊಲೀಸರು ಬರುವುದು ಈಗ ಗಾಡಿ ಇಟ್ಟುಕೊಂಡವನ ಮನೆಗೆ.

21 ನವೆಂಬರ್, ಗುರುವಾರ

ಅಳಿಯನಿಗೆ ಇನ್ನೂ ಮನಸ್ಸು ಎಳೆಯುತ್ತಿದೆ. "ವಿಂಟೇಜ್ ನಂಬರ್ ಮಾಡ್ಸಿದ್ರ ಆಯ್ತಲ್ರಿ ಮಾಮಾ?" ಎಂದ. ನಿಯಮ ಓದಿ ಹೇಳಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ವಿ.ಎ. ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ನೋಂದಣಿಯಾದ ಮೇಲೆ ದಿನದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥದಕ್ಕಷ್ಟೇ ರಸ್ತೆಗೆ ಇಳಿಸಬಹುದು. ದಿನಾ ಫ್ಯಾಕ್ಟರಿಗೆ ಹೋಗಿಬರಲು ಗಾಡಿ ಬೇಕು ಅನ್ನುವ ಹುಡುಗನಿಗೆ ಈ ನಂಬರು ಯಾತಕ್ಕೆ?

ಶಹಾಬಾದಿನದು ಬೇಡ ಅಂತ ಖಡಾಖಂಡಿತ ಹೇಳಿದೆ. ಅರ್ಧ ರೇಟಿಗೆ ಕೊಟ್ಟರೂ ಬೇಡ.

1 ಡಿಸೆಂಬರ್, ರವಿವಾರ

ಮಿಸ್ತ್ರಿ ಕಾಕಾ ಹೇಳಿದ ವಿಳಾಸ ಹಿಡಿದು ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ತೊಗರಿ ಹೊಟ್ಟಿನ ಕೊಟ್ಟಿಗೆಯಲ್ಲಿ ಜಾವಾ ನಿಂತಿದೆ. ಬಣ್ಣ ಮಾಸಿ ಇಟ್ಟಿಗೆಯಂತಾಗಿದೆ, ಕ್ರೋಮಿನ ಮೇಲೆ ತುಕ್ಕಿನ ಚುಕ್ಕೆ, ಒಂದು ಸೈಲೆನ್ಸರ್ ತೂತು. ಹೆಡ್‌ಲೈಟಿನ ಡೂಮಿನೊಳಗೆ ಸ್ಪೀಡೋಮೀಟರು, ಆಂಪಿಯರ್ ಮೀಟರು, ಕೀಲಿಯ ಸ್ವಿಚ್ಚು ಇದ್ದಲ್ಲೇ ಇವೆ. ಮನೆಯ ಯಜಮಾನಿ ಟ್ರಂಕಿನಿಂದ ಆರ್‌ಸಿ ತಂದುಕೊಟ್ಟರು. "ನಮ್ಮ ಮಾವನೋರ ಗಾಡಿ ಅದ್ರಿ. ಅವರು ಹೋದ ಮ್ಯಾಲ ಯಾರೂ ಹೊಡ್ದಿಲ್ಲ. ಚೆಂದಾಗಿ ಇಟ್ಕೋತೀವಂದ್ರ ಕೊಡ್ತೀವಿ" ಅಂದರು.

ಚಾಸಿ ನಂಬರು ಆರ್‌ಸಿಗೆ ಸರಿಯಾಗಿದೆ. ಇಂಜಿನ್ ನಂಬರು ಆರ್‌ಸಿಯ ಮೊದಲ ಪುಟದ್ದಲ್ಲ. ಅಳಿಯ ನನ್ನ ಮುಖ ನೋಡಿದ. ಪುಟ ತಿರುವಿದೆ. ಒಳಗೆ ನೀಲಿ ಶಾಯಿಯಲ್ಲಿ ಇಂಜಿನ್ ಬದಲಾದ ಒಕ್ಕಣೆ, ಹೊಸ ನಂಬರು, ತಾರೀಖು, ಸಾರಿಗೆ ಕಚೇರಿಯ ದುಂಡು ಮೊಹರು. ಇಂಜಿನ್ ಪೆಟ್ಟಿಗೆಯ ಮೇಲಿನ ಅಂಕಿಗಳು ಅದಕ್ಕೆ ಒಂದೂ ತಪ್ಪದೆ ಕೂಡಿದವು. ಸುತ್ತಲಿನ ಎರಕ ಒರಟಾಗಿ, ಮುಟ್ಟದೆ ಉಳಿದಿತ್ತು. ಗಾಡಿಯಲ್ಲಿ ಮಾರ್ಪಾಟು ಮಾಡಿದರೆ ಆರ್‌ಸಿಯಲ್ಲಿ ದಾಖಲಿಸಬೇಕು ಅಂತ ಈಗಿನ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಆ ಮಾವನೋರು ಇಂಜಿನ್ ಹಾಕಿಸಿ ಸುಮ್ಮನೆ ಕೂಡದೆ, ಇಷ್ಟು ದೂರದ ಹಳ್ಳಿಯಿಂದ ಗುಲಬರ್ಗಾಕ್ಕೆ ಹೋಗಿ ಬರೆಸಿಕೊಂಡು ಬಂದಿದ್ದಾರೆ. ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಫ್ಯಾಕ್ಟರಿ ಒರಿಜಿನಲ್ ಅಲ್ಲ. ವಿ.ಎ. ನಂಬರು ಇದಕ್ಕೂ ದಕ್ಕಲಾರದು. ಆದರೆ ಚಾಸಿ ಯಾವುದು, ಇಂಜಿನ್ ಯಾವುದು, ಯಾವಾಗ ಬದಲಾಯಿತು ಎಲ್ಲ ಬರಹದಲ್ಲಿದೆ, ಯಾವುದೂ ಮುಚ್ಚಿಟ್ಟದ್ದಲ್ಲ. ಅಳಿಯನಿಗೆ ಎರಡು ಮಾತು ಹೇಳಿದೆ: ವಾರಸುದಾರರ ಹೆಸರಿಗೆ ವರ್ಗ, ನೋಂದಣಿ ನವೀಕರಣ ಎರಡೂ ಮುಗಿದ ಮೇಲೆ ಪೂರ್ತಿ ರೊಕ್ಕ ಕೊಡು. ನಂಬರುಗಳ ಪ್ರಿಂಟು, ಫೋಟೊ ತೆಗೆದಿಡುವ ತನಕ ಬಣ್ಣದ ಡಬ್ಬಿ ಮುಟ್ಟಬೇಡ.

ಇದನ್ನೇ ತೊಗೋ ಅಂದಿದ್ದೇನೆ.